ಕ್ಷೌರದ ಕತ್ತಿ ಕೊಳ್ಳುವಾಗ ಮೊದಲು ಬೆನ್ನು ನೋಡಿ

ಹೊಸ ಕ್ಷೌರದ ಕತ್ತಿಯನ್ನು ಸಾಣೆಗೆ ತಂದವರು ನನ್ನನ್ನು ಮೊದಲು ಕೇಳುವುದು ಒಂದೇ ಮಾತು: "ಸ್ಟೀಲ್ ಒಳ್ಳೇದಾ?" ಉಕ್ಕು ಒಳ್ಳೆಯದೋ ಅಲ್ಲವೋ ಎಂದು ಬರಿಗಣ್ಣಿನಿಂದ ನೋಡಿ ಹೇಳಲು ಯಾರಿಂದಲೂ ಆಗದು. ಕಣ್ಣಿಗೆ ಕಾಣುವುದು ಆಕಾರ. ನನ್ನ ಮೇಜಿಗೆ ಬರುವ ಹೊಸ ಕತ್ತಿಗಳಲ್ಲಿ, ಹೆಸರಾಂತ ಊರುಗಳಲ್ಲಿ ತಯಾರಾದವುಗಳಲ್ಲಿ ಕೂಡ, ಕೆಟ್ಟಿರುವುದು ಹೆಚ್ಚಾಗಿ ಆಕಾರವೇ. ಹಿಡಿಗೆ ದಂತದ ಬಣ್ಣವಿದೆಯೇ, ಅಲಗಿನ ಮೇಲೆ ಚಿನ್ನದ ಅಕ್ಷರವಿದೆಯೇ ಎಂದು ನೋಡಿ ದುಡ್ಡು ಕೊಟ್ಟವರು ಆಮೇಲೆ "ಎಷ್ಟು ಮಸೆದರೂ ತುದಿ ಮಾತ್ರ ಹರಿತವಾಗಲ್ಲ" ಎನ್ನುತ್ತಾರೆ. ಅವರ ಮಸೆತದಲ್ಲಿ ತಪ್ಪಿರುವುದಿಲ್ಲ. ಕತ್ತಿಯ ಬೆನ್ನು, ಅಂದರೆ ಅಲಗಿನ ದಪ್ಪ ಅಂಚು, ಸೊಟ್ಟಗಿರುತ್ತದೆ.

ಅಡುಗೆಮನೆಯ ಚಾಕುವನ್ನು ಮಸೆಯುವಾಗ ಕೋನವನ್ನು ನಮ್ಮ ಕೈ ನಿರ್ಧರಿಸುತ್ತದೆ. ಕ್ಷೌರದ ಕತ್ತಿಯಲ್ಲಿ ಹಾಗಿಲ್ಲ. ಅದನ್ನು ಸಾಣೆಕಲ್ಲಿನ ಮೇಲೆ ಪೂರ್ತಿ ಮಲಗಿಸಬೇಕು. ಬೆನ್ನೂ, ಹರಿತದ ಅಂಚಾದ ಬಾಯಿಯೂ ಒಟ್ಟಿಗೆ ಕಲ್ಲಿಗೆ ತಾಗಿಕೊಂಡೇ ಚಲಿಸಬೇಕು. ಹಾಗಾಗಿ ಬೆನ್ನು ಎಷ್ಟು ದಪ್ಪ, ಅಲಗು ಎಷ್ಟು ಅಗಲ ಎಂಬುದೇ ಕೋನವನ್ನು ಗೊತ್ತು ಮಾಡುತ್ತದೆ. ಎಂಟರಲ್ಲಿ ಐದು ಇಂಚು, ಅಂದರೆ ಸುಮಾರು 16 ಮಿಲಿಮೀಟರ್ ಅಗಲದ ಅಲಗಿಗೆ ನಾಲ್ಕೂವರೆಯಿಂದ ಐದು ಮಿಲಿಮೀಟರ್ ಒಳಗಿನ ಬೆನ್ನಿದ್ದರೆ ಬಾಯಿಯ ಒಟ್ಟು ಕೋನ 16–18 ಡಿಗ್ರಿಯ ಆಸುಪಾಸಿಗೆ ಬರುತ್ತದೆ. ಗಡ್ಡಕ್ಕೆ ಅದು ಸರಿಯಾದ ಕೋನ. ಬೆನ್ನಿನಲ್ಲಿ ಎಲ್ಲಿ ಉಬ್ಬು, ಎಲ್ಲಿ ತಗ್ಗು, ಎಲ್ಲಿ ತಿರುಚು ಇದೆಯೋ ಅದೆಲ್ಲವೂ ಮಸೆದಷ್ಟೂ ಬಾಯಿಗೆ ಇಳಿಯುತ್ತದೆ.

ಈ ಸೊಟ್ಟ ಎಲ್ಲಿಂದ ಬರುತ್ತದೆ? ಜರ್ಮನಿಯ ಸೋಲಿಂಗನ್, ಇಂಗ್ಲೆಂಡಿನ ಶೆಫೀಲ್ಡ್, ಫ್ರಾನ್ಸಿನ ತಿಯೇರ್, ಈ ಮೂರೂ ಕತ್ತಿಯ ಊರುಗಳಲ್ಲಿ ಕೆಲಸದ ಕ್ರಮ ಹೆಚ್ಚುಕಡಿಮೆ ಒಂದೇ. ಶೇಕಡಾ ಒಂದರ ಆಸುಪಾಸು ಇಂಗಾಲವಿರುವ ಉಕ್ಕನ್ನು ಕಾಯಿಸಿ, ಅಚ್ಚಿನಲ್ಲಿ ಬಡಿದು ರೂಪ ಕೊಡುತ್ತಾರೆ. ಆಮೇಲೆ ಸುಮಾರು 800 ಡಿಗ್ರಿಗೆ ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದುತ್ತಾರೆ. ಹಾಗೆ ಅದ್ದಿದಾಗ ತೆಳುವಾದ ಬಾಯಿಯ ಕಡೆ ಬೇಗ ತಣಿಯುತ್ತದೆ, ದಪ್ಪ ಬೆನ್ನು ನಿಧಾನ. ಈ ಎಳೆದಾಟದಲ್ಲಿ ಅಲಗು ಕೊಂಚ ಬಾಗುವುದು ಸಹಜ. ನುರಿತ ಕೆಲಸಗಾರ ಅದನ್ನು ಗುರುತಿಸಿ ಸಣ್ಣ ಸುತ್ತಿಗೆಯಿಂದ ತಟ್ಟಿ ನೇರ ಮಾಡುತ್ತಾನೆ. ಮತ್ತೆ ಇನ್ನೂರು ಡಿಗ್ರಿಯ ಸುತ್ತಮುತ್ತ ಕಾಯಿಸಿ ಹದ ಕೊಟ್ಟು, ತಿರುಗುವ ಚಕ್ರಗಳಿಗೆ ಹಿಡಿದು ಎರಡೂ ಪಕ್ಕವನ್ನು ಒಳಕ್ಕೆ ಕೊರೆಯುತ್ತಾರೆ. ಹಾಲೋ ಗ್ರೈಂಡ್ ಎನ್ನುವುದು ಇದನ್ನೇ. ನೇರ ಮಾಡುವ ಕೆಲಸವನ್ನು ಅವಸರದಲ್ಲಿ ಬಿಟ್ಟರೆ ಬಾಗು ಹಾಗೇ ಉಳಿಯುತ್ತದೆ. ಚಕ್ರಕ್ಕೆ ಹಿಡಿದವನ ಕೈ ಒಂದು ಕಡೆಗೆ ವಾಲಿದರೆ ಬೆನ್ನು ಬುಡದಲ್ಲಿ ಒಂದು ದಪ್ಪ, ತುದಿಯಲ್ಲಿ ಇನ್ನೊಂದು ದಪ್ಪ ಆಗುತ್ತದೆ.

ಕತ್ತಿ ಕೈಗೆ ಬಂದ ದಿನವೇ ಮಾಡಬೇಕಾದ ಪರೀಕ್ಷೆಗೆ ಒಂದು ದಪ್ಪ ಗಾಜಿನ ತುಂಡು ಸಾಕು. ಅಲಗನ್ನು ಅದರ ಮೇಲೆ ಒತ್ತದೆ ಮಲಗಿಸಿ, ಹಿಂದಿನಿಂದ ಟಾರ್ಚ್ ಬಿಡಿ. ಬೆನ್ನೂ ಬಾಯಿಯೂ ಉದ್ದಕ್ಕೂ ತಾಗಿದ್ದರೆ ಬೆಳಕು ನುಸುಳುವುದಿಲ್ಲ. ಒಂದು ಮಗ್ಗುಲಲ್ಲಿ ಮಧ್ಯ ಮಾತ್ರ ತಾಗಿ ಎರಡೂ ತುದಿ ಎದ್ದಿದ್ದು, ತಿರುಗಿಸಿ ಇಟ್ಟಾಗ ಮಧ್ಯದಲ್ಲಿ ಬೆಳಕು ಕಂಡರೆ ಅಲಗು ಬಾಗಿದೆ ಎಂದರ್ಥ. ಬಾಗು ತುಂಬ ಕಡಿಮೆಯಿದ್ದರೆ ನಾನು ಗಾಬರಿಯಾಗುವುದಿಲ್ಲ. ಮೂರು ಇಂಚಿನ ಕಲ್ಲಿನ ಬದಲು ಒಂದೂವರೆ ಇಂಚಿನ ಕಿರಿದಾದ ಕಲ್ಲಿನಲ್ಲಿ ಅದನ್ನು ಮಸೆಯಬಹುದು. ಬೆಲ್ಜಿಯಂನ ಹಳದಿ ಕೋಟಿಕ್ಯೂಲ್ ಕಲ್ಲುಗಳು ಎಷ್ಟೋ ಬಾರಿ ಆ ಅಗಲದಲ್ಲೇ ಸಿಗುತ್ತವೆ. ಆದರೆ ಗಾಜಿನ ಮೇಲಿಟ್ಟ ಅಲಗು ಒಂದು ಕಾಲು ಗಿಡ್ಡವಾದ ಸ್ಟೂಲಿನಂತೆ ಮೂಲೆಯಿಂದ ಮೂಲೆಗೆ ಕಟಕಟ ಅಲುಗಿದರೆ ಅದು ಬಾಗಲ್ಲ, ತಿರುಚು. ತಿರುಚಿದ ಕತ್ತಿಯನ್ನು ವಾಪಸ್ ಕಳಿಸಿ. ಅದಕ್ಕೆ ಮನೆಮದ್ದಿಲ್ಲ.

ಎರಡನೆಯದು ಮಾರ್ಕರ್ ಪರೀಕ್ಷೆ. ಬಾಯಿಯ ಪಕ್ಕದಲ್ಲಿ, ಕಲ್ಲು ತಾಗಿ ಮೂಡಿದ ಹೊಳೆಯುವ ಗೆರೆಯೊಂದು ಇರುತ್ತದಲ್ಲ, ಅದಕ್ಕೆ ಬೆವೆಲ್ ಎನ್ನುತ್ತಾರೆ. ಅದರ ಮೇಲೂ ಬೆನ್ನಿನ ಮೇಲೂ ಕಪ್ಪು ಮಾರ್ಕರ್ ಎಳೆದು, ಸಮತಟ್ಟಾದ ನಯವಾದ ಕಲ್ಲಿನಲ್ಲಿ ಭಾರ ಹಾಕದೆ ಒಂದೇ ಎಳೆತ ಎಳೆದು, ಒಡವೆ ಅಂಗಡಿಯವರು ಕಣ್ಣಿಗಿಡುವ ಹತ್ತು ಪಟ್ಟಿನ ಲೂಪ್‌ನಲ್ಲಿ ನೋಡಿ. ಇತ್ತೀಚೆಗೆ ಹುಡುಗನೊಬ್ಬ ಮೊದಲ ಸಂಬಳದಲ್ಲಿ ಕೊಂಡ ಹೊಸ ಕತ್ತಿ ತಂದಿದ್ದ. ಹೀಗೆ ಎಳೆದಾಗ ಬುಡದ ಕಡೆ ಶಾಯಿ ಪೂರ್ತಿ ಹೋಗಿತ್ತು. ಮಧ್ಯದಲ್ಲಿ ಬೆವೆಲ್‌ನ ಮೇಲಂಚಿನ ಶಾಯಿ ಹೋಗಿ, ಬಾಯಿಯ ತುದಿಯಂಚಿನಲ್ಲಿ ಕೂದಲೆಳೆಯಷ್ಟು ಕಪ್ಪು ಉಳಿದಿತ್ತು. ಕೊನೆಯ ಕಾಲಿಂಚಿನಲ್ಲಿ ಹಚ್ಚಿದ ಶಾಯಿ ಹಚ್ಚಿದ ಹಾಗೇ ಇತ್ತು. "ಸಾರ್, ಇನ್ನೊಂದಿಷ್ಟು ಉಜ್ಜಿದ್ರೆ ತುದೀನೂ ಸಿಗಲ್ವಾ?" ಅಂದ. ಸಿಗುತ್ತದೆ. ಆದರೆ ಅಷ್ಟರಲ್ಲಿ ಬುಡದ ಕಡೆಯ ಉಕ್ಕು ಸವೆದು ಅಲಗಿನ ಅಗಲವೇ ಕಡಿಮೆಯಾಗಿರುತ್ತದೆ. ಹೊಸ ವಸ್ತುವಿಗೆ ಪೂರ್ತಿ ಬೆಲೆ ಕೊಟ್ಟವನು ತಯಾರಕರು ಬಿಟ್ಟ ಕೆಲಸವನ್ನು ಅಲಗಿನ ಆಯುಷ್ಯ ತೆತ್ತು ಯಾಕೆ ಮುಗಿಸಬೇಕು? ದಪ್ಪ ಅಳೆಯುವ ವರ್ನಿಯರ್ ಅಳತೆಗೋಲು ಹಿಡಿದು ಅಳೆದೆವು. ಬೆನ್ನಿನ ದಪ್ಪ ತುದಿಯಲ್ಲಿ ಬುಡಕ್ಕಿಂತ ಎದ್ದು ಕಾಣುವಷ್ಟು ಕಡಿಮೆ, ಅಲಗಿನ ಅಗಲ ಮಾತ್ರ ಎರಡೂ ಕಡೆ ಒಂದೇ. ಬೆನ್ನು ತೆಳುವಾಗುತ್ತ ಹೋದಂತೆ ಅಲಗೂ ಅದೇ ಲೆಕ್ಕದಲ್ಲಿ ಕಿರಿದಾಗಿದ್ದರೆ ಕೋನ ಕೆಡುತ್ತಿರಲಿಲ್ಲ. ಕತ್ತಿ ವಾಪಸ್ ಹೋಯಿತು.

ಬೆವೆಲ್ ಒಂದು ಮಗ್ಗುಲಲ್ಲಿ ಕೊಂಚ ಅಗಲ, ಇನ್ನೊಂದರಲ್ಲಿ ಕಿರಿದು, ಆದರೆ ಉದ್ದಕ್ಕೂ ಒಂದೇ ಸಮ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಅದು ಕಣ್ಣಿಗೆ ಮಾತ್ರ ಕಾಣುವ ಕೊರತೆ, ಕೆನ್ನೆಗೆ ಗೊತ್ತಾಗುವುದಿಲ್ಲ. ಒಂದೇ ಮಗ್ಗುಲಲ್ಲಿ ಅಗಲವಾಗಿ, ಕಿರಿದಾಗಿ, ಮತ್ತೆ ಅಗಲವಾಗಿ ಅಲೆಯಂತೆ ಹೋಗಿದ್ದರೆ ಮಾತ್ರ ಸಂದೇಹಪಡಿ. ಪಕ್ಕದಿಂದ ನೋಡಿದಾಗ ಬಾಯಿಯ ಗೆರೆ ಹೊರಕ್ಕೆ ನಸು ಬಾಗಿದ್ದರೆ ಅದೂ ದೋಷವಲ್ಲ. ಹಳೆಯ ಶೆಫೀಲ್ಡ್ ಕತ್ತಿಗಳಲ್ಲಿ ಬೇಕೆಂದೇ ಹಾಗೆ ಮಾಡುತ್ತಿದ್ದರು. ಕಲ್ಲಿನ ಮೇಲೆ ಕೈಯನ್ನು ತುಸು ಹೊರಳಿಸಿ ಎಳೆದರಾಯಿತು. ಬಾಯಿ ಒಳಕ್ಕೆ ಬಾಗಿದ್ದರೆ ಮಧ್ಯಭಾಗ ಕಲ್ಲಿಗೆ ತಾಗುವುದೇ ಇಲ್ಲ. ಹೊಸ ಕತ್ತಿಯಲ್ಲಿ ಅದು ಇರಲೇಬಾರದು.

ಬುಡದ ಹತ್ತಿರ ಅಲಗಿಗೆ ಅಡ್ಡವಾಗಿ ಒಂದು ದಪ್ಪನೆಯ ದಿಂಡು ಇರುತ್ತದೆ, ಅಲಗು ಬಳುಕದಿರಲೆಂದು. ಬಾಯಿಯ ಹಿಮ್ಮಡಿ, ಅಂದರೆ ಬುಡದ ಕಡೆಯ ಕೊನೆ, ಆ ದಿಂಡಿಗೆ ತೀರಾ ಹತ್ತಿರವಿದ್ದರೆ ಮಸೆಯುವಾಗ ದಿಂಡೇ ಕಲ್ಲನ್ನು ಹತ್ತಿ ಕೂರುತ್ತದೆ, ಬಾಯಿ ಎತ್ತಿಕೊಳ್ಳುತ್ತದೆ. ಅಗ್ಗದ ಕತ್ತಿಗಳಲ್ಲಿ ಇದನ್ನು ಪದೇ ಪದೇ ನೋಡುತ್ತೇನೆ.

ಕಣ್ಣಿಗೆ ಬೀಳದ ದೋಷವೆಂದರೆ ಹದ ಹೋಗಿರುವುದು. ಚಕ್ರಕ್ಕೆ ಹಿಡಿದಾಗ ತೆಳುವಾದ ಬಾಯಿ ಕ್ಷಣಮಾತ್ರದಲ್ಲಿ ಕಾದುಬಿಡುತ್ತದೆ. ಮುನ್ನೂರು ಡಿಗ್ರಿ ಹತ್ತಿರ ಹೋದರೆ ಉಕ್ಕಿನ ಮೇಲೆ ನೀಲಿ ಮೂಡುತ್ತದೆ, ಅಲ್ಲಿನ ಗಡಸುತನ ಇಳಿಯುತ್ತದೆ. ಪಾಲಿಶ್ ಹೊಡೆದರೆ ನೀಲಿ ಮಾಯ, ಮೆತ್ತಗಾದ ಉಕ್ಕು ಮಾತ್ರ ಹಾಗೇ. ಹೀಗಾಗಿ ಇದನ್ನು ಅಂಗಡಿಯಲ್ಲಿ ಪತ್ತೆ ಹಚ್ಚಲಾಗುವುದಿಲ್ಲ. ಬಳಸುತ್ತಾ ಹೋದಂತೆ ಅಲಗಿನ ಒಂದೇ ಜಾಗ, ಪ್ರತಿ ಸಲವೂ ಅದೇ ಜಾಗ, ಎರಡು ಕ್ಷೌರಕ್ಕೇ ಮೊಂಡಾಗಿ ಗಡ್ಡವನ್ನು ಜಗ್ಗುತ್ತಿದ್ದರೆ ಅನುಮಾನ ಬೇಡ. ಹಲವು ಬಾರಿ ಮಸೆದು ಆ ಪದರ ಸವೆದ ಮೇಲೆ ಒಳ್ಳೆಯ ಉಕ್ಕು ಸಿಕ್ಕಿರುವುದೂ ಉಂಟು, ಹಾಗೆಂದು ಅದನ್ನು ನಂಬಿ ಕೊಳ್ಳಬೇಡಿ.

ಬಿರುಕಿನ ವಿಷಯದಲ್ಲಿ ನನ್ನದು ಕಟ್ಟುನಿಟ್ಟು. ಬಾಯಿಯಲ್ಲಿ ಮುಕ್ಕು ಹೋಗಿದ್ದರೆ ಮಸೆದು ತೆಗೆಯಬಹುದು. ಬಾಯಿಯಿಂದ ಮೇಲಕ್ಕೆ ಹತ್ತಿದ ಕೂದಲೆಳೆ ಬಿರುಕಿದ್ದರೆ ಆ ಕತ್ತಿಯನ್ನು ಮುಖದ ಹತ್ತಿರ ತರಬೇಡಿ, ಬೆಲೆ ಎಷ್ಟೇ ಇರಲಿ. ಅಲಗನ್ನು ಬೆಳಕಿಗೆ ಓರೆಯಾಗಿ ಹಿಡಿದು ಎರಡೂ ಕಡೆ ಲೂಪ್‌ನಲ್ಲಿ ನೋಡಿ. ಉಗುರಿನಿಂದ ಮೆಲ್ಲಗೆ ಮಿಡಿದಾಗ ತೆಳು ಅಲಗು ಠಣ್ಣೆಂದು ಸ್ವರ ಕೊಡಬೇಕು, ಬಿರುಕು ಬಿಟ್ಟದ್ದು ಬೊದ್ದೆನ್ನುತ್ತದೆ.

ಹಿಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಡಚಿದಾಗ ಅಲಗು ಎರಡೂ ಹಲಗೆಗಳ ನಡುವೆ ಕೂರಬೇಕು. ಒಂದು ಕಡೆಗೆ ವಾಲಿ ಬಾಯಿ ಹಿಡಿಗೆ ತಾಗುತ್ತಿದ್ದರೆ ಪ್ರತಿ ಸಲ ಮುಚ್ಚಿದಾಗಲೂ ಹರಿತ ಹಾಳು. ಮೊಳೆ ಸಡಿಲವಾಗಿದ್ದರೆ ಸಣ್ಣ ಸುತ್ತಿಗೆಯ ಕೆಲಸ, ಸರಿಹೋಗುತ್ತದೆ.

ಅಲಗಿನ ಬುಡದಲ್ಲಿ ಒತ್ತಿದ ಮುದ್ರೆಗಳು ಎಷ್ಟು ನಂಬಿಕೆಗೆ ಅರ್ಹ? ಸೋಲಿಂಗನ್ ಹೆಸರಿಗೆ 1938ರಿಂದ ಕಾನೂನಿನ ರಕ್ಷಣೆಯಿದೆ. ಮುಖ್ಯ ಕೆಲಸಗಳು ಆ ಪ್ರದೇಶದಲ್ಲೇ ನಡೆದಿರಬೇಕು. ಅದು ಹುಟ್ಟಿದ ಊರಿಗೆ ಸಾಕ್ಷಿ, ನಿಮ್ಮ ಕೈಯಲ್ಲಿರುವ ಆ ಒಂದು ಅಲಗು ನೇರವಾಗಿದೆ ಎಂಬುದಕ್ಕಲ್ಲ. ಹಳೆಯ ಕತ್ತಿಗಳಲ್ಲಿ ಊರಿನ ಜೊತೆ ದೇಶದ ಹೆಸರೂ ಇದ್ದರೆ ಅದು 1891ರ ನಂತರದ್ದಿರಬಹುದು, ಅಮೆರಿಕಕ್ಕೆ ಹೋಗುವ ಸರಕಿನ ಮೇಲೆ ದೇಶದ ಹೆಸರು ಕಡ್ಡಾಯವಾದದ್ದು ಆಗ. ಶೆಫೀಲ್ಡ್ ಕತ್ತಿಗಳ ಮೇಲೆ 'ಸಿಲ್ವರ್ ಸ್ಟೀಲ್' ಎಂದು ಕಂಡರೆ ಬೆಳ್ಳಿಗೆಂದು ಹೆಚ್ಚು ದುಡ್ಡು ಕೊಡಬೇಡಿ. ಆ ಹೆಸರಿನ ಹಿಂದೆ ನಮಗೆ ಹತ್ತಿರವಾದ ಕಥೆಯೇ ಇದೆ. ಮೈಸೂರು ಸೀಮೆ, ಸೇಲಂ ಕಡೆಗಳಲ್ಲಿ ಮೂಸೆಯಲ್ಲಿ ಕರಗಿಸಿ ಮಾಡುತ್ತಿದ್ದ ಉಕ್ಕು ಲಂಡನ್ನಿನ ಕತ್ತಿ ತಯಾರಕ ಜೇಮ್ಸ್ ಸ್ಟೋಡಾರ್ಟ್‌ನನ್ನು ಸೆಳೆದಿತ್ತು. ಅದರ ಗುಟ್ಟು ಹುಡುಕಲು ಅವನೂ ಮೈಕೆಲ್ ಫ್ಯಾರಡೆಯೂ ಉಕ್ಕಿಗೆ ಬೇರೆ ಬೇರೆ ಲೋಹಗಳನ್ನು ಬೆರೆಸಿ ನೋಡಿದರು. 1820 ಮತ್ತು 1822ರಲ್ಲಿ ಪ್ರಕಟವಾದ ಆ ಪ್ರಯೋಗಗಳಲ್ಲಿ ಐನೂರರಲ್ಲೊಂದು ಪಾಲು ಬೆಳ್ಳಿ ಸೇರಿಸಿದ ಉಕ್ಕೂ ಒಂದು. ಆ ಹೆಸರು ವ್ಯಾಪಾರಕ್ಕೆ ಎಷ್ಟು ಒದಗಿತೆಂದರೆ, ಶೆಫೀಲ್ಡಿನವರು ದಶಕಗಟ್ಟಲೆ ಅದನ್ನು ಕತ್ತಿಗಳ ಮೇಲೆ ಒತ್ತಿದರು.

ಹಳೆಯ ಕತ್ತಿ ಕೊಳ್ಳುವುದಾದರೆ ಬೆನ್ನಿನ ಸವೆತ ನೋಡಿ. ಬೆನ್ನಿನ ಇಕ್ಕೆಲದಲ್ಲೂ ಸಮನಾದ ಕಿರಿದಾದ ಚಪ್ಪಟೆ ಪಟ್ಟಿ ಇದ್ದರೆ ಒಳ್ಳೆಯದು. ಒಂದು ಕಡೆ ಅಗಲ, ಇನ್ನೊಂದು ಕಡೆ ಗೆರೆಯಷ್ಟೇ ಇದ್ದರೆ ಯಾರೋ ವರ್ಷಾನುಗಟ್ಟಲೆ ಒಂದು ಕಡೆಗೇ ಭಾರ ಹಾಕಿ ಮಸೆದಿದ್ದಾರೆ. ಸೆಲ್ಯುಲಾಯ್ಡ್ ಹಿಡಿ ಇದ್ದರೆ ಇನ್ನೂ ಎಚ್ಚರ: ಹಳತಾದ ಸೆಲ್ಯುಲಾಯ್ಡ್ ಕೊಳೆಯುತ್ತಾ ಬಿಡುವ ಆಮ್ಲದ ಆವಿಗೆ ಹಿಡಿಯೊಳಗೆ ಮಡಚಿಕೊಂಡಿರುವ ಭಾಗವೇ ತುಕ್ಕು ಹಿಡಿಯುತ್ತದೆ. ಮೇಲೆ ತುಕ್ಕಿನ ಕಲೆಯಿದ್ದರೆ ಪರವಾಗಿಲ್ಲ, ಬಾಯಿಗೆ ತಾಗಿದಂತೆ ಗುಳಿ ಬಿದ್ದಿದ್ದರೆ ಬಿಡಿ.

ಮೊದಲ ಸಲ ಕೊಳ್ಳುವವರಿಗೆ ನಾನು ಹೇಳುವುದು ಎಂಟರಲ್ಲಿ ಐದು ಅಥವಾ ಆರು ಇಂಚಿನ ಅಗಲ, ದುಂಡನೆಯ ತುದಿ, ಚಿತ್ತಾರವಿಲ್ಲದ ಅಲಗು. ಚೂಪು ಮೂಲೆಯ ತುದಿ ಕಿವಿಯ ಬಳಿ ಅನುಭವ ಕೇಳುತ್ತದೆ. ಮಂಗಳೂರು, ಕಾರವಾರದ ಕಡೆಯವರಾದರೆ ಸ್ಟೇನ್‌ಲೆಸ್ ತೆಗೆದುಕೊಳ್ಳಿ, ಕಾರ್ಬನ್ ಉಕ್ಕಿಗಿಂತ ಮಸೆಯಲು ಕೊಂಚ ಹೆಚ್ಚು ಹೊತ್ತು ಹಿಡಿದರೂ ಆ ಗಾಳಿಯ ಉಪ್ಪಿಗೆ ಅದೇ ಲೇಸು. ಅಲೆಅಲೆಯಾದ ದಮಾಸ್ಕಸ್ ಚಿತ್ತಾರದ ಅಗ್ಗದ ಕತ್ತಿಗಳಲ್ಲಿ ಬಹಳಷ್ಟು ಮೆದು ಉಕ್ಕಿನವು, ಚರ್ಮದ ಪಟ್ಟಿಗೆ ಎಷ್ಟು ಎಳೆದರೂ ಹರಿತ ನಿಲ್ಲುವುದಿಲ್ಲ. ನಮ್ಮ ಸಲೂನುಗಳಲ್ಲಿ ಈಗ ಪ್ರತಿ ಗಿರಾಕಿಗೂ ಹೊಸ ಅರ್ಧ ಬ್ಲೇಡ್ ಹಾಕುತ್ತಾರೆ, ಅದು ಸರಿಯಾದ ಪದ್ಧತಿ. ಮಸೆಯುವ ಕತ್ತಿ ಒಬ್ಬರದೇ ಆಗಿರಬೇಕು, ಮನೆಯವರೂ ಹಂಚಿಕೊಳ್ಳಬಾರದು.

ಕೊನೆಯದಾಗಿ ವಾಪಸಾತಿಯ ಮಾತು. ಒಮ್ಮೆ ಕಲ್ಲಿಗೆ ಹಿಡಿದ ಕತ್ತಿಯನ್ನು ಬಹುತೇಕ ಮಾರಾಟಗಾರರು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಗಾಜಿನ ಪರೀಕ್ಷೆ, ಲೂಪ್, ವರ್ನಿಯರ್ ಮೂರನ್ನೂ ಮೊದಲು ಮುಗಿಸಿ. ಅಲ್ಲಿ ಸಂದೇಹ ಬಂದರೆ ಮಾರ್ಕರ್ ಪರೀಕ್ಷೆಗೆ ಇಳಿಯಬೇಡಿ. ಬೆಳಕು ನುಸುಳುವ ಜಾಗದ ಫೋಟೊ ತೆಗೆದು, ಬೆನ್ನಿನ ದಪ್ಪವನ್ನು ಬುಡ, ನಡು, ತುದಿ ಮೂರೂ ಕಡೆ ಅಳೆದು ಬರೆದು ಕಳಿಸಿ. "ಚೆನ್ನಾಗಿಲ್ಲ" ಎಂದಷ್ಟೇ ಬರೆದವರಿಗೆ ನೆಪ ಹೇಳುವ ಮಾರಾಟಗಾರ, ಮೂರು ಅಳತೆ ಕೊಟ್ಟವರಿಗೆ ಸಾಮಾನ್ಯವಾಗಿ ಬೇರೆ ಕತ್ತಿ ಕಳಿಸುತ್ತಾನೆ.