ಪದ ಪರಿಚಯ: ಕೃತಕ ಗೂಡು

ಬಾಲ್ಕನಿಯಲ್ಲಿ ನೇತುಹಾಕಿದ ತೆಂಗಿನ ನಾರಿನ ಬುಟ್ಟಿಯ ಫೋಟೋ ಹಾಕಿ 'ಕೃತಕ ಗೂಡು' ಅಂತ ಬರೆಯುವುದು ತೀರಾ ಜಾಸ್ತಿಯಾಗಿದೆ. ಅಳಿವಿನಂಚಿನ ಕಡಲಹಕ್ಕಿಗಳ ಸುದ್ದಿಗೂ ಅದೇ ಬುಟ್ಟಿಯ ಚಿತ್ರ! ಸಂರಕ್ಷಣೆಯ ಕೆಲಸದಲ್ಲಿ ಈ ಪದ ಅಷ್ಟು ಸಡಿಲವಲ್ಲ. ಒಂದು ಹಕ್ಕಿ ಮೊಟ್ಟೆಯಿಡುತ್ತಿದ್ದ ಜಾಗ ಹಾಳಾದಾಗ, ಅದೇ ಹಕ್ಕಿಯ ಮೈಯಳತೆ, ಅದಕ್ಕೆ ಬೇಕಾದ ಕತ್ತಲು, ತಂಪು ಎಲ್ಲ ನೋಡಿ ಮಾಡಿಕೊಡುವ ಜಾಗವೇ ಕೃತಕ ಗೂಡು. ಒಳಗೆ ಕಸಕಡ್ಡಿ ಜೋಡಿಸಿಕೊಳ್ಳುವುದು ಹಕ್ಕಿಗೇ ಬಿಟ್ಟದ್ದು. ಹಳೇ ಮನೆಗಳ ಗೋಡೆಯಲ್ಲಿ ದೀಪ ಇಡುವ ಪೊಳ್ಳಿಗೂ ಗೂಡು ಅಂತೀವಲ್ಲ, ಆ ಅರ್ಥ ಇಲ್ಲಿಗೆ ಹೆಚ್ಚು ಹತ್ತಿರ.

ಅಟ್ಲಾಂಟಿಕ್ ಸಾಗರದ ಬರ್ಮುಡಾ ದ್ವೀಪಗಳ ಕಹೌ ಅನ್ನುವ ಕಡಲಹಕ್ಕಿಯನ್ನೇ ನೋಡಿ. ಸುಮಾರು 300 ವರ್ಷ ಇದು ಅಳಿದೇಹೋಯಿತು ಅಂದುಕೊಂಡಿದ್ದರು. 1951ರಲ್ಲಿ ಮತ್ತೆ ಸಿಕ್ಕಿತು, ಅದೂ ಬೆರಳೆಣಿಕೆಯ ಜೋಡಿಗಳು. ಮಣ್ಣಿನಲ್ಲಿ ಬಿಲ ತೋಡಿ ವರ್ಷಕ್ಕೆ ಒಂದೇ ಮೊಟ್ಟೆಯಿಡುವ ಹಕ್ಕಿ ಇದು. ಜನ ತಂದ ಹಂದಿ, ಇಲಿಗಳ ಕಾಟಕ್ಕೆ ಮಣ್ಣೇ ಇಲ್ಲದ ಪುಟ್ಟ ಬಂಡೆದ್ವೀಪಗಳ ಸಂದುಗಳಲ್ಲಿ ಉಳಿದುಕೊಂಡಿತ್ತು. ಅಲ್ಲಿ ಇನ್ನೊಂದು ಫಜೀತಿ: ಅದೇ ಸಂದುಗಳು ಬಿಳಿಬಾಲದ ಟ್ರಾಪಿಕ್ ಹಕ್ಕಿಗೂ ಬೇಕು, ಅದು ತಡವಾಗಿ ಬಂದು ಕಹೌ ಮರಿಯನ್ನು ಕುಕ್ಕಿ ಕೊಲ್ಲುತ್ತಿತ್ತು. ಅದಕ್ಕೇ ಬಾಗಿಲಿಗೆ ಮರದ ಹಲಗೆ ಕೂರಿಸಿ, ಕಹೌ ನುಸುಳುವಷ್ಟು, ಟ್ರಾಪಿಕ್ ಹಕ್ಕಿ ನುಸುಳಲಾಗದಷ್ಟು ಅಳತೆಯ ತೂತು ಕೊರೆದರು. ಬರ್ಮುಡಾದ ಸಂರಕ್ಷಣಾ ತಜ್ಞ ಡೇವಿಡ್ ವಿಂಗೇಟ್ ಕಾಂಕ್ರೀಟಿನ ಬಿಲಗಳನ್ನೇ ಕಟ್ಟಿದರು. ಬೆಳಕು ಒಳಗೆ ಹೋಗದಂತೆ ಬಾಗಿದ ಸುರಂಗ, ಕೊನೆಗೆ ಒಂದು ಕೋಣೆ, ಮರಿ ನೋಡಲು ತೆಗೆಯಬಹುದಾದ ಮುಚ್ಚಳ. ಈಗ 150ಕ್ಕೂ ಹೆಚ್ಚು ಜೋಡಿಗಳಿವೆ. ಆ ಹಲಗೆಯ ತೂತೇ ನನಗೆ ಈ ಪದದ ಅತ್ಯುತ್ತಮ ವಿವರಣೆ.

ಇನ್ನೊಂದು ತಪ್ಪು ತಿಳಿವಳಿಕೆ, ಗೂಡು ಇಟ್ಟರೆ ಹಕ್ಕಿ ಉಳಿಯಿತು ಅನ್ನುವುದು. ಜಾಗದ ಕೊರತೆ ಇದ್ದರೆ ಮಾತ್ರ ಗೂಡು ಕೆಲಸಕ್ಕೆ ಬರುತ್ತದೆ. ಆಫ್ರಿಕನ್ ಪೆಂಗ್ವಿನ್‌ಗಳು ಹಿಕ್ಕೆಯ ದಪ್ಪ ಪದರದಲ್ಲಿ ಬಿಲ ತೋಡುತ್ತಿದ್ದವು. 19ನೇ ಶತಮಾನದಲ್ಲಿ ಅದನ್ನು ಗೊಬ್ಬರಕ್ಕೆಂದು ಕೆರೆದು ಸಾಗಿಸಿದರು. ಬದಲಿಗೆ ಇಟ್ಟ ಫೈಬರ್‌ಗ್ಲಾಸ್ ಗೂಡುಗಳು ಕೆಲವೆಡೆ ಬಿಸಿಲಿಗೆ ವಿಪರೀತ ಕಾದವು, ಆಮೇಲೆ ಎರಡು ಪದರದ ಸೆರಾಮಿಕ್ ಗೂಡುಗಳು ಬಂದವು. ಒಳ್ಳೇ ಗೂಡೇ. ಆದರೂ 2024ರಲ್ಲಿ ಈ ಪೆಂಗ್ವಿನ್ ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿ ಸೇರಿತು, ಯಾಕೆಂದರೆ ಅವಕ್ಕೆ ಬೇಕಾದ ಸಾರ್ಡೀನ್, ಅಂದರೆ ನಮ್ಮ ಬೂತಾಯಿಯ ಬಳಗದ ಮೀನು, ಕಡಲಿನಲ್ಲೇ ಸಾಲುತ್ತಿಲ್ಲ. 2025ರಲ್ಲಿ ದಕ್ಷಿಣ ಆಫ್ರಿಕಾದ ಕೋರ್ಟು 6 ಪೆಂಗ್ವಿನ್ ನೆಲೆಗಳ ಸುತ್ತ 10 ವರ್ಷ ಸಾರ್ಡೀನ್, ಆಂಚೊವಿ ಮೀನು ಹಿಡಿಯದಂತೆ ನಿರ್ಬಂಧ ಹಾಕಿದ್ದು ಇದೇ ಕಾರಣಕ್ಕೆ.