ಪದರ ಜಾರುವುದು ಕಂಟಕವಲ್ಲ, ಕುಗ್ಗುವುದೇ ಕಂಟಕ: ಸೋಡಿಯಂ ಅಯಾನ್ ಕ್ಯಾಥೋಡ್ ಟಿಪ್ಪಣಿ

ಸೋಡಿಯಂ ಅಯಾನ್ ಬ್ಯಾಟರಿಯ ಕ್ಯಾಥೋಡ್ (ಧನ ಎಲೆಕ್ಟ್ರೋಡ್) ಸೊರಗಲು ಕಾರಣಗಳ ಪಟ್ಟಿ ಎಲ್ಲೆಡೆ ಸಿಗುತ್ತದೆ: ರಚನೆ ಬದಲಾವಣೆ, ಬಿರುಕು, ಲೋಹ ಕರಗುವಿಕೆ, ತೇವಾಂಶ. ಬಾಯಿಪಾಠಕ್ಕೆ ಅಷ್ಟು ಸಾಕು. ಒಂದು ಇನ್ನೊಂದಕ್ಕೆ ಹೇಗೆ ದಾರಿ ಮಾಡಿಕೊಡುತ್ತದೆ ಎಂದು ತಿಳಿಯಲು ಒಂದೇ ವಸ್ತುವನ್ನು ಹಿಡಿದು ಕೂರುವುದು ಲೇಸು. ನಾನು ಆರಿಸಿಕೊಂಡದ್ದು ಸೋಡಿಯಂ, ನಿಕ್ಕಲ್, ಮ್ಯಾಂಗನೀಸ್ ಕ್ರಮವಾಗಿ 2/3, 1/3, 2/3 ಇರುವ ಪಿ2 ಆಕ್ಸೈಡ್.

ಇಂಥ ಆಕ್ಸೈಡ್‌ಗಳಲ್ಲಿ ಲೋಹ–ಆಕ್ಸಿಜನ್ ಪದರಗಳು ಒಂದರ ಮೇಲೊಂದು ಇದ್ದು, ಅವುಗಳ ನಡುವೆ ಸೋಡಿಯಂ ಕೂರುತ್ತದೆ. ಹೆಸರಿನಲ್ಲಿ ಪಿ ಎಂದರೆ ಸೋಡಿಯಂ ಕೂರುವ ಜಾಗ ಪ್ರಿಸಂ ಆಕಾರದ್ದು, ಓ ಎಂದರೆ ಅಷ್ಟಮುಖಿ. ಅಂಕಿ ಹೇಳುವುದು ಎಷ್ಟು ಪದರಕ್ಕೊಮ್ಮೆ ಜೋಡಣೆ ಮರುಕಳಿಸುತ್ತದೆ ಎಂಬುದನ್ನು.

ತೊಡಕಿನ ಹೆಜ್ಜೆ ಇದು. ಚಾರ್ಜ್ ಮಾಡುವಾಗ ಸೋಡಿಯಂ ಹೊರಹೋಗುತ್ತದೆ. ಆದರೂ ಪದರಗಳ ನಡುವಿನ ಅಂತರ ಮೊದಲು ಹಿಗ್ಗುತ್ತದೆ! ಎದುರುಬದುರಾಗಿರುವ ಆಕ್ಸಿಜನ್‌ಗಳೆರಡೂ ಋಣ ಆವೇಶದವು. ಅವುಗಳ ವಿಕರ್ಷಣೆಯನ್ನು ತಡೆಹಿಡಿದಿದ್ದದ್ದೇ ನಡುವಿನ ಸೋಡಿಯಂ. ಅದು ತೆಳುವಾದಷ್ಟೂ ಪದರಗಳು ದೂರ ಸರಿಯುತ್ತವೆ. ಸುಮಾರು 4.2 ವೋಲ್ಟ್ ಹತ್ತಿರ ಬಂದಾಗ ಆಟ ತಿರುಗುತ್ತದೆ.

ಆಕ್ಸಿಜನ್ ಸ್ಥಾನಗಳಿಗೆ ಎ, ಬಿ, ಸಿ ಎಂದು ಹೆಸರಿಡೋಣ. ಎರಡಕ್ಷರದ ಪ್ರತಿ ಜೋಡಿ ಒಂದು ಪದರ: ಅದರ ಕೆಳಗಿನ ಮತ್ತು ಮೇಲಿನ ಆಕ್ಸಿಜನ್ ಸಾಲು. ಪಿ2 ಜೋಡಣೆ ಎಬಿ, ಬಿಎ. ನಡುವೆ ಬಿ ಎದುರು ಬಿ, ಅಂದರೆ ಆಕ್ಸಿಜನ್ ನೆತ್ತಿಯ ಮೇಲೆಯೇ ಆಕ್ಸಿಜನ್. ಸೋಡಿಯಂ ಖಾಲಿಯಾದ ಮೇಲೆ ಈ ಭಂಗಿ ದುಬಾರಿ. ಎರಡನೆಯ ಪದರ ಪಕ್ಕಕ್ಕೆ ಜಾರಿ ಸಿಬಿ ಆದರೆ ಜೋಡಣೆ ಎಬಿ, ಸಿಬಿ. ಈಗ ಬಿ ಎದುರು ಸಿ. ಗೋಲಿಗಳ ಸಾಲಿನ ಮೇಲೆ ಇನ್ನೊಂದು ಸಾಲು ಇಟ್ಟಾಗ ಅವು ಸಂದಿಗೆ ಇಳಿಯುವ ಹಾಗೆ ಪದರ ಕೆಳಗಿಳಿಯುತ್ತದೆ. ಇದೇ ಓ2. ಹರಳಿನ ಘನಗಾತ್ರ ಸುಮಾರು 23% ಕುಸಿಯುತ್ತದೆ.

ಗಮನಿಸಿ: ಜಾರುವಾಗ ಲೋಹ–ಆಕ್ಸಿಜನ್ ಬಂಧ ಒಂದೂ ಮುರಿಯುವುದಿಲ್ಲ. ಹಾಗಾಗಿ ಡಿಸ್ಚಾರ್ಜ್ ಮಾಡಿದರೆ ಪದರ ಬಹುಮಟ್ಟಿಗೆ ಹಿಂದಕ್ಕೆ ಜಾರಬಲ್ಲದು. ಆದರೆ ಸಿಬಿ ಬದಲು ಎಸಿ ಕಡೆಗೂ ಜಾರಬಹುದು, ಎರಡೂ ದಿಕ್ಕಿಗೆ ಶಕ್ತಿ ಒಂದೇ. ಯಾವ ಪದರ ಯಾವ ಕಡೆ ಹೋಯಿತೆಂಬುದಕ್ಕೆ ಶಿಸ್ತಿಲ್ಲ. ಜೋಡಣೆಯಲ್ಲಿ ದೋಷ ತುಂಬುತ್ತದೆ. ಕಣದ ಒಂದು ಭಾಗ ಕುಗ್ಗಿ ಇನ್ನೊಂದು ಭಾಗ ಹಾಗೆಯೇ ಇರುವಾಗ ಪದರಗಳ ಗುಂಟ ಬಿರುಕು ಬೀಳುತ್ತದೆ. ಬಿರುಕಿನ ಹೊಸ ಮೈಗೆ ಎಲೆಕ್ಟ್ರೊಲೈಟ್ (ಅಯಾನ್ ಸಾಗಿಸುವ ದ್ರವ) ನುಗ್ಗಿ ಕೊಳೆತು ಪೊರೆ ಕಟ್ಟುತ್ತದೆ. ಬೇರ್ಪಟ್ಟ ಚೂರಿಗೆ ಎಲೆಕ್ಟ್ರಾನ್ ತಲುಪದಿದ್ದರೆ ಅದು ಇದ್ದೂ ಇಲ್ಲದಂತೆ. ನಷ್ಟ ಲೆಕ್ಕಕ್ಕೆ ಬರುವುದು ಇಲ್ಲಿ.

ಮೇಲಿನ ವೋಲ್ಟೇಜನ್ನು ಸುಮಾರು 4 ವೋಲ್ಟ್‌ಗೆ ಕಟ್ಟಿಹಾಕಿದರೆ ಬಾಳಿಕೆ ಹೆಚ್ಚುತ್ತದೆ, ಸಾಮರ್ಥ್ಯ ಕೈಬಿಡುತ್ತದೆ. ಒಂದಷ್ಟು ನಿಕ್ಕಲ್ ಜಾಗಕ್ಕೆ ಮೆಗ್ನೀಸಿಯಂ ಸೇರಿಸುವುದು ನನಗೆ ಹೆಚ್ಚು ಜಾಣತನವೆನಿಸುತ್ತದೆ: ಮೆಗ್ನೀಸಿಯಂ ತನ್ನ ಆವೇಶ ಬದಲಿಸುವುದಿಲ್ಲವಾದ್ದರಿಂದ ಒಂದಿಷ್ಟು ಸೋಡಿಯಂ ಪದರಗಳ ನಡುವೆಯೇ ಉಳಿಯುತ್ತದೆ.

ಉಳಿದವು ಚುಟುಕಾಗಿ. ಮ್ಯಾಂಗನೀಸ್ 3+ ಆದಾಗ ಯಾನ್–ಟೆಲ್ಲರ್ ವಿರೂಪ (ಸುತ್ತಲಿನ ಆಕ್ಸಿಜನ್ ಚೌಕಟ್ಟು ಒಂದು ದಿಕ್ಕಿಗೆ ಎಳೆದಂತಾಗುವುದು), ಜೊತೆಗೆ ಎರಡು 3+ ಸೇರಿ ಒಂದು 4+, ಒಂದು 2+ ಆಗಿ, 2+ ಕರಗಿಹೋಗುವುದು. ನಮ್ಮ ಆಕ್ಸೈಡ್‌ನಲ್ಲಿ ಮ್ಯಾಂಗನೀಸ್ 4+ ಆಗಿಯೇ ಇರುವುದರಿಂದ ಆಳಕ್ಕೆ ಡಿಸ್ಚಾರ್ಜ್ ಮಾಡಿದರಷ್ಟೇ ಈ ಪೀಡೆ. ಓ3 ಕಬ್ಬಿಣದ ಆಕ್ಸೈಡ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಸೋಡಿಯಂ ತೆಗೆದರೆ ಕಬ್ಬಿಣವೇ ಸೋಡಿಯಂ ಪದರಕ್ಕೆ ವಲಸೆ ಹೋಗಿ ದಾರಿ ಮುಚ್ಚುತ್ತದೆ. ಗಾಳಿಯ ತೇವ ತಾಗಿದರೆ ಮೈಮೇಲೆ ಸೋಡಿಯಂ ಹೈಡ್ರಾಕ್ಸೈಡ್, ಕಾರ್ಬೊನೇಟ್ ಕೂರುತ್ತವೆ.

ಚಾರ್ಜ್–ಡಿಸ್ಚಾರ್ಜ್ ಸುತ್ತುಗಳಲ್ಲಿ ಸಾಮರ್ಥ್ಯ ಇಳಿಯುವ ಗ್ರಾಫ್ ಓದುವಾಗ ಮೊದಲು ನೋಡಬೇಕಾದದ್ದು ಎದುರಿನ ಎಲೆಕ್ಟ್ರೋಡ್. ಅದು ಸೋಡಿಯಂ ಲೋಹವಾಗಿದ್ದರೆ ಸೋಡಿಯಂ ಪೂರೈಕೆಗೆ ಬರವಿಲ್ಲ, ಸೋಡಿಯಂ ನಷ್ಟ ಕಾಣಿಸುವುದೇ ಇಲ್ಲ. ಎದುರಿಗೆ ಹಾರ್ಡ್ ಕಾರ್ಬನ್ (ಸೋಡಿಯಂ ಹಿಡಿದಿಡುವ, ಅಸ್ತವ್ಯಸ್ತ ರಚನೆಯ ಇಂಗಾಲ) ಇರುವ ಪೂರ್ಣ ಸೆಲ್‌ನಲ್ಲಿ ಪ್ರತಿ ಸುತ್ತಿಗೆ 0.1% ಸೋಡಿಯಂ ಸೋರಿದರೂ 500 ಸುತ್ತಿನ ನಂತರ ಉಳಿಯುವುದು ಸುಮಾರು 61%. ಇನ್ನೊಂದು ಪರೀಕ್ಷೆ: ಸೊರಗಿದ ಸೆಲ್ಲನ್ನು ತೀರಾ ಕಡಿಮೆ ಕರೆಂಟಿನಲ್ಲಿ ಓಡಿಸಿ ನೋಡುವುದು. ಸಾಮರ್ಥ್ಯ ಮರಳಿದರೆ ಅದು ಪೊರೆ ತಂದ ಪ್ರತಿರೋಧ; ಮರಳದಿದ್ದರೆ ಸೋಡಿಯಂ ಅಥವಾ ಕ್ಯಾಥೋಡ್ ವಸ್ತುವೇ ಕೈತಪ್ಪಿದೆ.