ಗ್ರಾಫಿಕ್ ಕಾದಂಬರಿಗಳ ಜೋಪಾನ: ಮೊದಲು ಕಾಗದ ನೋಡಿ

ಮನೆಯ ಕಪಾಟಿನಲ್ಲಿ ಅಕ್ಕಪಕ್ಕ ನಿಂತ ಎರಡು ಚಿತ್ರಪುಸ್ತಕಗಳು ಬೇರೆ ಬೇರೆ ಕಾರಣಕ್ಕೆ ಹಾಳಾಗುತ್ತವೆ. ಪುಸ್ತಕ ಸಂರಕ್ಷಣೆ ಕಲಿಯುತ್ತಿರುವ ನಾವು ಮೊದಲು ಗಟ್ಟಿ ಮಾಡಿಕೊಳ್ಳಬೇಕಾದದ್ದು ಇದನ್ನೇ. ಕಾಗದ ಯಾವುದು ಅಂತ ನೋಡದೆ ಎಲ್ಲಕ್ಕೂ ಸುಮ್ನೆ ಒಂದೇ ಥರ ಪ್ಲಾಸ್ಟಿಕ್ ಕವರ್ ಹಾಕಿಬಿಟ್ಟರೆ ಕೆಲವಕ್ಕೆ ಒಳ್ಳೆಯದಕ್ಕಿಂತ ಕೆಡುಕೇ ಜಾಸ್ತಿ.

ಹಳೆಯ ನ್ಯೂಸ್‌ಪ್ರಿಂಟ್

ಅವೆನ್ಯೂ ರಸ್ತೆಯಲ್ಲೋ ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದ ಅಂಗಡಿಯಲ್ಲೋ ಸಿಗುವ ಹಳೆಯ ಕಾಮಿಕ್ಸ್ ಹೆಚ್ಚಾಗಿ ನ್ಯೂಸ್‌ಪ್ರಿಂಟ್, ಅಂದರೆ ಪತ್ರಿಕೆಗೆ ಬಳಸುವ ಅಗ್ಗದ ಕಾಗದದ ಮೇಲೆ ಅಚ್ಚಾದವು. ಮರವನ್ನು ಅರೆದು ಮಾಡಿದ ಆ ಕಾಗದದಲ್ಲಿ ಲಿಗ್ನಿನ್ (ಮರದ ನಾರನ್ನು ಬೆಸೆದಿಡುವ ವಸ್ತು) ಉಳಿದಿರುತ್ತದೆ. ಬೆಳಕು, ಗಾಳಿ ತಾಗಿದಷ್ಟೂ ಅದು ಹಳದಿಯಾಗುತ್ತದೆ. ಜೊತೆಗೆ ಆಮ್ಲ ಹುಟ್ಟಿ ಕಾಗದದ ನಾರು ಕಡಿದುಹೋಗುತ್ತದೆ. ಮೂಲೆ ಮಡಿಸಿ ನೋಡಬೇಡಿ, ಮುರಿದು ಕೈಗೇ ಬರಬಹುದು. ಹೋದ ಬಿಳುಪು ಮತ್ತೆ ಬರುವುದಿಲ್ಲ, ಹಾಳಾಗುವ ವೇಗವನ್ನು ತಗ್ಗಿಸಬಹುದು ಅಷ್ಟೇ. ಒಂದೊಂದನ್ನೂ ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಎಂಬ ಪ್ಲಾಸ್ಟಿಕ್‌ನ ಪಾರದರ್ಶಕ ಚೀಲಕ್ಕೆ ಹಾಕಿ. ಹಿಂದೆ ಆಮ್ಲವಿಲ್ಲದ ರಟ್ಟು ಇರಲಿ. ಕತ್ತಲಲ್ಲಿಡಿ. ಶಾಲಾ ಪುಸ್ತಕಕ್ಕೆ ಹಾಕುವ ಮೆತ್ತನೆಯ ಪಿವಿಸಿ ಕವರ್ ಬೇಡವೇ ಬೇಡ. ಅದನ್ನು ಮೆತ್ತಗೆ ಮಾಡಲು ಬೆರೆಸಿದ ರಾಸಾಯನಿಕ ನಿಧಾನವಾಗಿ ಹೊರಬರುತ್ತದೆ, ಅಚ್ಚಿನ ಬಣ್ಣ ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತದೆ.

ಹೊಳೆಯುವ ಆರ್ಟ್ ಪೇಪರ್

ಈಗಿನ ಬಹುಪಾಲು ಬಣ್ಣದ ಗ್ರಾಫಿಕ್ ಕಾದಂಬರಿಗಳದ್ದು ಈ ಕಾಗದ. ಇದಕ್ಕೆ ಬಿಳಿ ಜೇಡಿಮಣ್ಣಿನಂಥ ಪುಡಿಯ ಲೇಪ ಕೊಟ್ಟಿರುತ್ತಾರೆ. ನುಣುಪು, ಹೊಳಪು ಬರುವುದು ಅದರಿಂದಲೇ. ಆದರೆ ನೀರು ತಾಗಿದರೆ ಆ ಲೇಪ ಮೆತ್ತಗಾಗುತ್ತದೆ. ಎದುರುಬದುರು ಪುಟಗಳು ಅಂಟಿ ಹಾಗೇ ಒಣಗಿದವೋ, ಮುಗಿಯಿತು. ಎಳೆದರೆ ಚಿತ್ರವೇ ಕಿತ್ತು ಬರುತ್ತದೆ. ಹಾಗಾಗಿ ಪುಸ್ತಕ ನೆನೆದರೆ ಕೆಲವೇ ಗಂಟೆಗಳೊಳಗೆ, ಇನ್ನೂ ಒದ್ದೆಯಿರುವಾಗಲೇ, ಪುಟಗಳನ್ನು ಬಿಡಿಸಿ ನಡುವೆ ಬಿಳಿ ಟಿಶ್ಯೂ ಇಟ್ಟು ಫ್ಯಾನ್ ಗಾಳಿಗೆ ಒಣಗಿಸಬೇಕು. ಅಷ್ಟು ಪುರುಸೊತ್ತಿಲ್ಲವಾ? ಚೀಲಕ್ಕೆ ಹಾಕಿ ಫ್ರೀಜರ್‌ನಲ್ಲಿಡಿ, ಅಂಟುವುದು ಅಲ್ಲಿಗೆ ನಿಲ್ಲುತ್ತದೆ. 2022ರ ಸೆಪ್ಟೆಂಬರ್ ಮಳೆಗೆ ಬೆಳ್ಳಂದೂರಿನ ಕಡೆ ಮನೆಗಳೊಳಗೇ ನೀರು ನುಗ್ಗಿತ್ತಲ್ಲ, ನೆಲ ಅಂತಸ್ತಿನಲ್ಲಿರುವವರು ಕೆಳಗಿನ ಹಲಗೆಯಲ್ಲಿ ಈ ಪುಸ್ತಕಗಳನ್ನು ಇಡದಿರುವುದೇ ವಾಸಿ.

ಬೆಂಗಳೂರಿನಲ್ಲಿ ಮಾರ್ಚ್ ತಿಂಗಳ ಹವೆ ಒಣ. ಜೂನ್‌ನಿಂದ ಅಕ್ಟೋಬರ್‌ವರೆಗೆ ತೇವ. ಗಾಳಿಯ ತೇವಾಂಶ ಶೇ 65 ದಾಟಿ ಹಾಗೇ ನಿಂತರೆ ಬೂಷ್ಟು ಹಿಡಿಯುವ ಸಾಧ್ಯತೆ ಹೆಚ್ಚು. ತೇವಾಂಶ ತೋರಿಸುವ ಪುಟ್ಟ ಮೀಟರೊಂದನ್ನು ಕಪಾಟಿನೊಳಗೇ ಇಡಿ, ಹಾಲ್‌ನಲ್ಲಿ ಅಲ್ಲ. ಎರಡೂ ಕಡೆ ಅಂಕಿ ಬೇರೆ ಇರಬಹುದು. ಬಚ್ಚಲುಮನೆಯ ಗೋಡೆಗೆ ಕಪಾಟು ಒರಗಿಸಬೇಡಿ. ಯಾವ ಗೋಡೆಯಾದರೂ ಒಂದೆರಡು ಅಂಗುಲ ಸಂದು ಬಿಡಿ, ಹಿಂದೆ ಗಾಳಿಯಾಡಲಿ. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಬಿಗಿಯಾಗಿ ಮುಚ್ಚುವ ಡಬ್ಬದಲ್ಲಿ ಮಾತ್ರ ಕೆಲಸ ಮಾಡುತ್ತದೆ. ತೆರೆದ ಕಪಾಟಿನಲ್ಲಿಟ್ಟರೆ ದಂಡ.

ಬೂಷ್ಟು ಕಂಡ ಕೂಡಲೇ ಬಿಸಿಲಿಗೆ ಹರಡುವ ರೂಢಿ ನಮ್ಮಲ್ಲಿದೆ. ಬಣ್ಣದ ಪುಸ್ತಕಕ್ಕೆ ಅದು ಆಗದು. ಬಿಸಿಲಿಗೆ ಮೊದಲು ಮಾಸುವುದು ಹಳದಿ ಮತ್ತು ಕೆಂಪು. ಮುಖಪುಟ ಕೆಂಪಗೇ ಇದ್ದು ಬೆನ್ನು (ಕಪಾಟಿನಲ್ಲಿ ಹೊರಗೆ ಕಾಣುವ ಅಂಚು) ಮಾತ್ರ ನೀಲಿಗೆ ತಿರುಗಿದೆ ಅಂದರೆ ಅದರ ಮೇಲೆ ಬಹಳ ಕಾಲ ಬೆಳಕು ಬಿದ್ದಿದೆ ಅಂತಲೇ ಲೆಕ್ಕ. ನೆರಳಲ್ಲಿ, ಗಾಳಿಯಲ್ಲಿ ಒಣಗಿಸಿ. ಬೂಷ್ಟು ಪೂರ್ತಿ ಒಣಗಿದ ಮೇಲೆ ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ, ಮೆತ್ತನೆಯ ಬ್ರಷ್‌ನಿಂದ ತೆಗೆಯಿರಿ.

ಬೆನ್ನು

ನನಗೆ ಅತಿ ಮುಖ್ಯ ಅನ್ನಿಸುವ ಭಾಗ ಇದು. ಪೇಪರ್‌ಬ್ಯಾಕ್‌ಗಳಲ್ಲಿ ಸಾಮಾನ್ಯವಾಗಿ ಹಾಳೆಗಳನ್ನು ಹೊಲಿದಿರುವುದಿಲ್ಲ, ಬರೀ ಬಿಸಿ ಅಂಟಿನಿಂದ ಬೆನ್ನಿಗೆ ಹಿಡಿಸಿರುತ್ತಾರೆ. ಚಿತ್ರ ಎರಡು ಪುಟಕ್ಕೂ ಹರಡಿಕೊಂಡಿದ್ದರೆ ನಡುವೆ ಏನಿದೆ ಅಂತ ನೋಡಲು ಒತ್ತಿ ಬಿಚ್ಚುತ್ತೇವೆ ಅಲ್ವಾ? ಅಂಟು ಸೀಳುವುದು ಅಲ್ಲೇ. ಹೊಸ ಪುಸ್ತಕವನ್ನು ಹೀಗೆ ಪಳಗಿಸಿ: ಬೆನ್ನನ್ನು ಮೇಜಿನ ಮೇಲೆ ನಿಲ್ಲಿಸಿ, ಎರಡೂ ರಟ್ಟನ್ನು ಬಿಚ್ಚಿ, ಆ ಕಡೆಯಿಂದ ಕೆಲವು ಹಾಳೆ, ಈ ಕಡೆಯಿಂದ ಕೆಲವು ಹಾಳೆ, ಹಗುರವಾಗಿ ಸವರುತ್ತಾ ನಡುವಿನವರೆಗೆ ಬನ್ನಿ. ಓದುವಾಗ ಪೂರ್ತಿ ಚಪ್ಪಟೆ ಮಾಡದೆ ದಿಂಬಿನ ಮೇಲೆ ಒರಗಿಸಿ. ಕಪಾಟಿನಿಂದ ತೆಗೆಯುವಾಗ ಬೆನ್ನಿನ ತುದಿಗೆ ಬೆರಳು ಹಾಕಿ ಎಳೆಯಬೇಡಿ. ಅಕ್ಕಪಕ್ಕದವನ್ನು ಒಳಕ್ಕೆ ತಳ್ಳಿ ನಡುವೆ ಹಿಡಿದು ತೆಗೆಯಿರಿ. ದೊಡ್ಡ, ಭಾರದ ಪುಸ್ತಕಗಳನ್ನು ಮಲಗಿಸುವುದು ಒಳ್ಳೆಯದು.

ಹರಿದ ಪುಟಕ್ಕೆ ಸೆಲ್ಲೋಟೇಪ್ ಹಚ್ಚಬೇಡಿ. ಟೇಪ್ ಉದುರಿದರೂ ಅದರ ಅಂಟು ಕಂದು ಕಲೆಯಾಗಿ ಉಳಿಯುತ್ತದೆ. ನವರಾತ್ರಿಯಲ್ಲಿ ಸರಸ್ವತಿ ಪೂಜೆಗೆ ಪುಸ್ತಕ ಇಡುವ ಮನೆಯಾದರೆ ಮೇಲೊಂದು ಬಿಳಿ ಹಾಳೆ ಸುತ್ತಿ ಕೊಡಿ. ಅರಿಶಿನ, ಕುಂಕುಮ ಆ ಹಾಳೆಗೇ ಇರಲಿ, ಕಾಗದಕ್ಕೆ ಇಳಿದ ಅರಿಶಿನ ಬಿಡುವುದಿಲ್ಲ.

ಹುಳ

ಪುಸ್ತಕ ತಿನ್ನುವ ಬೆಳ್ಳಿ ಬಣ್ಣದ ಹುಳಕ್ಕೆ ತೇವ ಮತ್ತು ಗಂಜಿ ಇಷ್ಟ. ತೇವ ತಗ್ಗಿಸಿದರೆ ಅದರ ಕಾಟವೂ ತಗ್ಗುತ್ತದೆ. ನ್ಯಾಫ್ತಲೀನ್ ನುಸಿಗುಳಿಗೆಯ ಆವಿ ಮಕ್ಕಳಿರುವ ಮನೆಗೆ ಒಳ್ಳೆಯದಲ್ಲ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ಓಲೆಗರಿಗೆ ಎಣ್ಣೆ ಸವರುತ್ತಾರಲ್ಲ ಅಂತ ಕೆಲವರು ಕೇಳುತ್ತಾರೆ. ಅದು ತಾಳೆಗರಿಗೆ ಮಾಡುವ ಉಪಚಾರ, ಕಾಗದ ಎಣ್ಣೆ ಕುಡಿದು ಕಲೆಯಾಗುತ್ತದೆ. ಹುಳ ಬಿದ್ದ ಪುಸ್ತಕವನ್ನು ಜಿಪ್ ಚೀಲದಲ್ಲಿ ಗಾಳಿ ತೆಗೆದು ಮುಚ್ಚಿ, ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ. ತಣ್ಣಗಿರುವಾಗಲೇ ಬಿಚ್ಚಿದರೆ ಹೊರಗಿನ ಗಾಳಿಯ ತೇವವೆಲ್ಲ ಹನಿಯಾಗಿ ಪುಟದ ಮೇಲೆಯೇ ಕೂರುತ್ತದೆ.